ಯಮನೂರಿನ ಸೇತುವೆ, ರಾಟರ್‌ಡ್ಯಾಮಿನ ಚಪ್ಪಾಳೆ

ಅಣ್ಣಿಗೇರಿ, ಹೊರಡುವ ಮೊದಲು

ಪರದೇಶಕ್ಕೆ ಹೋಗಿ ಬಂದವರು ಮೊದಲು ಅಲ್ಲಿಯ ರಸ್ತೆ, ಹೂವು, ಶಿಸ್ತು ಎಲ್ಲವನ್ನೂ ಹೊಗಳುತ್ತಾರೆ. ಕೊನೆಗೆ ಊಟ ಒಗ್ಗಲಿಲ್ಲ ಎಂದು ಒಂದು ಮಾತು ಸೇರಿಸಿ ಮುಗಿಸುತ್ತಾರೆ. ನಾನು ನೆದರ್ಲೆಂಡ್ಸಿಗೆ ಸಿಟ್ಟಿನಲ್ಲೇ ಹೋದೆ, ಹೋದದ್ದಕ್ಕಿಂತ ಹೆಚ್ಚಿನ ಸಿಟ್ಟು ಹೊತ್ತು ಬಂದೆ. ಅದರಲ್ಲಿ ಆ ದೇಶದ ತಪ್ಪೇನೂ ಇಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ.

ನಿಜವಾಗಿ ಹೋಗಬೇಕಾಗಿದ್ದವಳು ಸವಿತಾ. ಶಲವಡಿಯವಳು, ಹುಬ್ಬಳ್ಳಿಯಲ್ಲಿ ಕಂಪ್ಯೂಟರ್ ಓದಿ ಊರಲ್ಲೇ ಉಳಿದವಳು. ನಾನು ಇಪ್ಪತ್ತು ವರ್ಷ ಅಣ್ಣಿಗೇರಿಯಲ್ಲಿ ಕೇಬಲ್ ಟಿವಿ ನಡೆಸಿದವನು. ಟಿವಿಯ ಕೆಳಗೆ ಓಡುವ ಪಟ್ಟಿಯಲ್ಲಿ ಇವತ್ತು ನಳ ಬಿಡುತ್ತಾರೋ ಇಲ್ಲವೋ, ಕರೆಂಟು ಎಷ್ಟೊತ್ತಿಗೆ ಬರುತ್ತದೆ, ಹೆಸರುಕಾಳು ಏನು ದರಕ್ಕೆ ಹೋಯಿತು ಎಂದು ಹಾಕುತ್ತಿದ್ದೆ. ಜನ ಧಾರಾವಾಹಿ ಬಿಟ್ಟು ಆ ಪಟ್ಟಿಯನ್ನೇ ಓದುತ್ತಿದ್ದರು. ಕೇಬಲ್ ಧಂದೆ ಬಿದ್ದುಹೋದ ಮೇಲೆ ಅದೇ ಪಟ್ಟಿಯನ್ನು ಫೋನಿಗೆ ತರೋಣ ಎಂದವಳು ಸವಿತಾ. ಇಬ್ಬರೂ ಸೇರಿ ಶುರು ಮಾಡಿದ್ದಕ್ಕೆ ‘ಈಗೇನ’ ಎಂದು ಹೆಸರಿಟ್ಟೆವು. ಪೇಟೆಯವರು ಇಂಥದ್ದಕ್ಕೆ ಸ್ಟಾರ್ಟಪ್ ಎನ್ನುತ್ತಾರೆ, ರಿಯಲ್ ಟೈಮ್ ಸರ್ಚ್ ಎನ್ನುತ್ತಾರೆ. ನಮ್ಮದು ಇಷ್ಟೇ: ನೀವು ಒಂದು ಪ್ರಶ್ನೆ ಕೇಳುತ್ತೀರಿ, ಆ ಊರಿನಲ್ಲಿ ನಮ್ಮ ಪರಿಚಯದ ಒಬ್ಬರು ಎದ್ದು ಹೋಗಿ ಕಣ್ಣಾರೆ ನೋಡಿ ಬಂದು ಉತ್ತರ ಹೇಳುತ್ತಾರೆ. ಉತ್ತರದ ಜೊತೆ ನೋಡಿದವರ ಹೆಸರು, ನೋಡಿದ ಹೊತ್ತು ಎರಡೂ ಇರುತ್ತವೆ.

ಯಮನೂರಿನಲ್ಲಿ ನಮ್ಮ ಪರವಾಗಿ ನೋಡುವವಳು ಹಸೀನಾಬಿ. ಬೆಣ್ಣಿಹಳ್ಳದ ಸೇತುವೆಯ ಹತ್ತಿರ ಆಕೆಯ ಚಹಾದ ಅಂಗಡಿ. ದರ್ಗಾಕ್ಕೆ ಬರುವ ಹಿಂದೂ ಮುಸ್ಲಿಂ ಎಲ್ಲರೂ ಆಕೆಯ ಚಹಾ ಕುಡಿದೇ ಮುಂದೆ ಹೋಗುವುದು. ಬೆಣ್ಣಿಹಳ್ಳ ಮೋಸದ ಹಳ್ಳ. ಯಮನೂರಿನಲ್ಲಿ ಬಿಸಿಲು ಕಾಯುತ್ತಿರುತ್ತದೆ, ಎಲ್ಲೋ ಕುಂದಗೋಳದ ಕಡೆ ಸುರಿದ ಮಳೆ ನಾಲ್ಕು ತಾಸಿನ ಮೇಲೆ ಇಲ್ಲಿಯ ಸೇತುವೆ ಹತ್ತಿ ಕೂತಿರುತ್ತದೆ. ಹಸೀನಾಬಿ ‘ದಾಟಬಹುದು’ ಎಂದರೆ ಟ್ರ್ಯಾಕ್ಟರಿನವರೂ ಎರಡನೇ ಮಾತಿಲ್ಲದೆ ದಾಟುತ್ತಿದ್ದರು.

ಸೇತುವೆಯ ಬಗೆಗಿನ ಉತ್ತರಕ್ಕೆ ನಾವು ಕೊಡುತ್ತಿದ್ದ ಆಯುಷ್ಯ ಎರಡು ತಾಸು. ಅಷ್ಟಾದ ಮೇಲೆ ಆ ಪುಟವನ್ನೇ ಅಳಿಸಿಬಿಡುತ್ತಿದ್ದೆವು. ಅದು ನಾನು ಹಠ ಹಿಡಿದು ಮಾಡಿಸಿದ ನಿಯಮ. ಕೇಬಲ್ ಪಟ್ಟಿಯಲ್ಲಿ ಓಡಿಹೋದದ್ದು ಹೋಯಿತು, ಅದರ ಗುರುತೂ ಉಳಿಯುತ್ತಿರಲಿಲ್ಲ. ನನಗೆ ಅದೇ ರೂಢಿ.

‘ಅಳಸೂದು ಬ್ಯಾಡ್ರಿ ಕಾಕಾ,’ ಎಂದು ಸವಿತಾ ಎಷ್ಟೋ ಸಲ ಹೇಳಿದ್ದಳು. ‘ಹಳೇದಾಗೇತಿ ಅಂತ ಅಲ್ಲೇ ಬರದಿಡೂಣು.’

‘ಹಳಸಿದ ಅನ್ನ ಯಾರರ ಬುಟ್ಟ್ಯಾಗ ಇಡ್ತಾರೇನವಾ?’ ಎಂದು ನಾನು ಆಕೆಯ ಬಾಯಿ ಮುಚ್ಚಿಸಿದ್ದೆ.

ದೊಡ್ಡ ಕಂಪನಿಗಳ ಎದುರು ಸಣ್ಣವರು ಹೇಗೆ ನಿಲ್ಲಬೇಕು ಎಂಬ ವಿಷಯಕ್ಕೆ ರಾಟರ್‌ಡ್ಯಾಮಿನಲ್ಲಿ ಎರಡು ದಿನದ ಸಭೆ, ಬನ್ನಿ ಎಂದು ನಮಗೆ ಕರೆ ಬಂತು. ಇಬ್ಬರೂ ವೀಸಾಕ್ಕೆ ಅರ್ಜಿ ಹಾಕಿದೆವು. ಸವಿತಾಳ ಅರ್ಜಿ ತಿರಸ್ಕಾರವಾಯಿತು. ಮದುವೆಯಾಗಿಲ್ಲ, ಹೆಸರಿನಲ್ಲಿ ಆಸ್ತಿ ಇಲ್ಲ, ಹೋದರೆ ತಿರುಗಿ ಬರುತ್ತಾಳೆ ಎಂಬ ಭರವಸೆ ಇಲ್ಲವಂತೆ. ಎಲ್ಲವನ್ನೂ ತಲೆಯಿಂದ ಕಟ್ಟಿದವಳಿಗೆ ಸಿಗಲಿಲ್ಲ, ನನ್ನ ಏಳು ಎಕರೆ ಎರೆಹೊಲಕ್ಕೆ ಸಿಕ್ಕಿತು. ಸಿಟ್ಟು ಅಲ್ಲಿಂದ ಶುರು.

‘ನೀವರ ಹೋಗಿ ಬರ್ರಿ ಕಾಕಾ,’ ಎಂದಳು ಸವಿತಾ. ಆಕೆಯೇ ಇಂಗ್ಲಿಷಿನಲ್ಲಿ ಐದು ನಿಮಿಷದ ಭಾಷಣ ಬರೆದು, ಕಷ್ಟದ ಶಬ್ದಗಳನ್ನು ಕನ್ನಡ ಅಕ್ಷರದಲ್ಲಿ ಗೀಚಿ ಕೊಟ್ಟಳು. ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟಳು. ‘ಆ ದೊಡ್ಡ ಕಂಪನಿಯಾವ್ರು ಸಹಿ ಕೇಳತಾರ. ನನ್ನ ಕೇಳದ ಮಾಡಬ್ಯಾಡ್ರಿ.’

ಆ ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಏನಾದರೂ ಹುಡುಕಬೇಕಾದರೆ ಜಗತ್ತು ಯಾರ ಬಾಗಿಲಿಗೆ ಹೋಗುತ್ತದೋ ಅಂಥವರಲ್ಲಿ ಒಬ್ಬರು ಎಂದರೆ ಸಾಕು. ನಮ್ಮ ಉತ್ತರಗಳನ್ನು ತಮ್ಮ ಪುಟದ ಮೇಲ್ತುದಿಯಲ್ಲಿ ತೋರಿಸುತ್ತೇವೆ, ಬದಲಿಗೆ ನಮ್ಮ ಎಲ್ಲ ನೋಡುವವರ ಹೆಸರು, ಫೋನ್ ನಂಬರು ಕೊಡಿ ಎಂದು ತಿಂಗಳಿನಿಂದ ಪತ್ರ ಬರೆಯುತ್ತಿದ್ದರು.

ಯಾಪ್ ಅವರ ಮನೆ

ಸಭೆಯವರು ಸಣ್ಣ ಸಣ್ಣ ಸಂಸ್ಥೆಗಳ ನಮ್ಮಂಥವರನ್ನು ಹೋಟೆಲಿಗೆ ಹಾಕದೆ ಸುತ್ತಲಿನ ಹಳ್ಳಿಗಳ ಮನೆಗಳಲ್ಲಿ ಇರಿಸಿದ್ದರು. ನನಗೆ ಸಿಕ್ಕವರು ಯಾಪ್. ಎಪ್ಪತ್ತು ದಾಟಿದವರು, ಮೊದಲು ಹೈನು ಮಾಡಿಕೊಂಡಿದ್ದು ಈಗ ಬಿಟ್ಟವರು. ನನ್ನನ್ನು ಕರೆದೊಯ್ಯಲು ರೈಲು ನಿಲ್ದಾಣಕ್ಕೆ ಬಂದಿದ್ದರು, ಒಂದು ಸೈಕಲ್ ತುಳಿಯುತ್ತ, ಇನ್ನೊಂದನ್ನು ಬಾಜು ಹಿಡಿದು. ಎರಡನೆಯದು ನನಗಂತೆ. ಮೂವತ್ತು ವರ್ಷದಿಂದ ಸೈಕಲ್ ಮುಟ್ಟದ ನನಗೆ, ಹಿಂದೆ ಸೂಟ್‌ಕೇಸ್ ಕಟ್ಟಿ, ‘ಬಾ’ ಎಂದು ಹೇಳಿ ಹೊರಟೇಬಿಟ್ಟರು. ಅರ್ಧ ಮೈಲಿ ಹೋಗುವಷ್ಟರಲ್ಲಿ ನಾನು ಕಾಲುವೆಯ ಬದಿಯ ಹುಲ್ಲಿನಲ್ಲಿ ಮಲಗಿದ್ದೆ. ಯಾಪ್ ಇಳಿದು ಬಂದು, ನನ್ನನ್ನಲ್ಲ, ಮೊದಲು ಸೈಕಲ್ಲಿನ ಗಾಲಿ ಬಾಗಿದೆಯೋ ಎಂದು ನೋಡಿದರು.

ಮನೆಯಲ್ಲಿ ಕಾಫಿ ಕೊಟ್ಟರು. ಬಿಸ್ಕಿಟಿನ ಡಬ್ಬಿ ತೆರೆದರು, ನಾನು ಒಂದು ತೆಗೆದುಕೊಂಡೆ, ಡಬ್ಬಿ ಮುಚ್ಚಿ ಒಳಗಿಟ್ಟರು. ನಮ್ಮ ಕಡೆ ಒಲ್ಲೆ ಒಲ್ಲೆ ಅಂದವರ ತಾಟಿಗೂ ಇನ್ನೊಂದು ರೊಟ್ಟಿ ಬೀಳುತ್ತದೆ. ಇಲ್ಲಿ ಒಂದು ಎಂದರೆ ಒಂದು. ಸಂಜೆ ಆರಕ್ಕೆ ಊಟ ಎಂದರು, ಆರಕ್ಕೇ ಬಡಿಸಿದರು. ಆಲೂಗಡ್ಡೆ, ಮತ್ತೆ ಆಲೂಗಡ್ಡೆ, ಅದರ ಮೇಲೆ ಒಂದಿಷ್ಟು ಬೇಯಿಸಿದ ಸೊಪ್ಪು. ನಾನು ಚೀಲದಿಂದ ಶೇಂಗಾ ಚಟ್ನಿ ತೆಗೆದು ಹಾಕಿಕೊಂಡೆ. ಅವರೂ ರುಚಿ ನೋಡಿದರು, ಕಣ್ಣಲ್ಲಿ ನೀರು ಬಂತು. ‘ಇದು ಊಟವಲ್ಲ, ಶಿಕ್ಷೆ,’ ಎಂದರು.

ಆದರೆ ಆ ಮನುಷ್ಯ ನನಗೆ ಹಿಡಿಸಿದರು. ನನ್ನದೂ ಮುರುಕು ಇಂಗ್ಲಿಷು, ಅವರದೂ ಮುರುಕು ಇಂಗ್ಲಿಷು. ನಯ ಮಾಡಿ ಮಾತಾಡುವಷ್ಟು ಭಾಷೆ ಇಬ್ಬರಿಗೂ ಇರಲಿಲ್ಲ. ನಮ್ಮ ಧಾರವಾಡ ಸೀಮೆಯವರ ಹಾಗೆ, ಅನ್ನಿಸಿದ್ದನ್ನು ಮುಖದ ಮೇಲೆ ಹೇಳುವ ಜನ ಇವರು ಎಂದು ಮೊದಲ ದಿನವೇ ಗೊತ್ತಾಯಿತು.

ಸಭೆಯ ಮೊದಲ ದಿನ

ಗಾಜಿನ ಗೋಡೆಯ ದೊಡ್ಡ ಸಭಾಂಗಣ. ಒಬ್ಬರಾದ ಮೇಲೆ ಒಬ್ಬರು ಬಂದು ಸಣ್ಣವರಿಗೆ ಬುದ್ಧಿ ಹೇಳಿದರು. ಒಂದು ಮೂಲೆ ಹಿಡಿಯಿರಿ, ಎಲ್ಲವನ್ನೂ ಹುಡುಕಲು ಹೋಗಬೇಡಿ ಎಂದರು. ಇದು ಸರಿ, ನಮ್ಮದು ಹೇಗೂ ಮೂಲೆಯೇ. ವೇಗವಾಗಿರಿ ಎಂದರು. ದೊಡ್ಡವರ ಯಂತ್ರಗಳು ಎಷ್ಟೋ ಸಾವಿರ ಇವೆ, ನಮ್ಮ ಹಸೀನಾಬಿಗೆ ಇರುವುದು ಎರಡು ಮೊಣಕಾಲು, ಅದರಲ್ಲೂ ಒಂದು ನೋಯುತ್ತದೆ. ಕೊನೆಗೆ ಒಬ್ಬ, ದೊಡ್ಡವರೇ ನಿಮ್ಮನ್ನು ಕೊಂಡುಕೊಳ್ಳುವ ಹಾಗೆ ಬೆಳೆಯಿರಿ ಎಂದ. ಸುತ್ತ ಕೂತವರು ಅದನ್ನು ಬರೆದುಕೊಂಡರು. ಕುರಿಗೆ ಚೆನ್ನಾಗಿ ಮೇಯಿ ಎಂದು ಹೇಳಿದ ಹಾಗಿತ್ತು, ನನಗೆ ಮೈಯೆಲ್ಲ ಉರಿಯಿತು.

ಮಧ್ಯಾಹ್ನ ನಿಂತುಕೊಂಡೇ ತಣ್ಣಗಿನ ಬ್ರೆಡ್ಡು, ಚೀಸು, ಒಂದು ಲೋಟ ಹಾಲು. ನಾನು ಹಾಲು ಹಿಡಿದು ಎಲ್ಲಿ ಕೂರಲಿ ಎಂದು ನೋಡುತ್ತಿದ್ದಾಗ ‘ಸರ್, ನೀವು ಧಾರವಾಡದ ಕಡೆಯವರಲ್ವಾ?’ ಎಂದು ಕನ್ನಡ ಕೇಳಿಸಿತು. ಆ ದೊಡ್ಡ ಕಂಪನಿಯ ಹುಡುಗ. ಹೆಸರು ಸುಹಾಸ್, ಮೈಸೂರಿನವನು, ಇಲ್ಲಿಗೆ ಬಂದು ಆರು ವರ್ಷವಾಯಿತಂತೆ. ಎಂಟು ಸಾವಿರ ಕಿಲೋಮೀಟರ್ ದೂರದಲ್ಲಿ ಕನ್ನಡ ಕೇಳಿದರೆ ಎಂಥವನೂ ಕರಗುತ್ತಾನೆ, ನಾನೂ ಕರಗಿದೆ. ಕಾಫಿ ತಂದುಕೊಟ್ಟ, ಪಕ್ಕ ಕೂತ.

‘ನಿಮ್ಮ ಕೆಲಸ ತುಂಬಾ ಚೆನ್ನಾಗಿದೆ ಸರ್. ಆದರೆ ನಿಮ್ಮನ್ನ ಎಷ್ಟು ಜನ ನೋಡ್ತಾರೆ? ನಮ್ಮ ಜೊತೆ ಬಂದ್ರೆ ಎಲ್ಲರಿಗೂ ತಲುಪುತ್ತೆ. ಒಂದು ಸಹಿ ಅಷ್ಟೇ.’

‘ನೋಡುವವರ ಫೋನ್ ನಂಬರು ನಿಮಗ್ಯಾಕ ಬೇಕ್ರಿ?’

‘ಕ್ವಾಲಿಟಿಗೋಸ್ಕರ ಸರ್.’

ಆಗಲೇ ಸಹಿ ಮಾಡಿಬಿಡುವ ಮನಸ್ಸು ನನಗೆ ಬಂದಿತ್ತು. ಇದನ್ನು ಮುಚ್ಚಿಡುವುದಿಲ್ಲ. ಎಲ್ಲರಿಗೂ ತಲುಪುತ್ತದೆ ಎಂಬ ಮಾತಿಗೆ ನಾನು ಬಾಯಿ ಬಿಟ್ಟೆ. ಸವಿತಾಳನ್ನು ಕೇಳಿ ನಾಳೆ ಹೇಳುತ್ತೇನೆ ಎಂದು ಎದ್ದೆ.

ಒಡ್ಡಿನ ಮೇಲೆ

ಅಂದು ಸಂಜೆ ಊಟವಾದ ಮೇಲೆ ಯಾಪ್ ಕಿತ್ತಳೆ ಬಣ್ಣದ ಜಾಕೀಟು ಹಾಕಿ, ಬೂಟು ಏರಿಸಿ, ಕೋಲು ಹಿಡಿದರು. ‘ಬರುತ್ತೀಯಾ?’ ಎಂದರು. ಇನ್ನೂ ಚೆನ್ನಾಗಿ ಬೆಳಕಿತ್ತು.

ಆ ಸೀಮೆಯ ನೆಲ ನದಿಯ ನೀರಿಗಿಂತ ತಗ್ಗಿನಲ್ಲಿದೆ. ನಾವು ಹೊಲಕ್ಕೆ ಒಡ್ಡು ಹಾಕುವ ಹಾಗೆ ಅವರು ಊರೂರಿಗೇ ಒಡ್ಡು ಹಾಕಿಕೊಂಡಿದ್ದಾರೆ. ಅದರ ಮೇಲೆ ದನ ಮೇಯುತ್ತವೆ, ಕೆಳಗೆ ಜನ ಮಲಗುತ್ತಾರೆ. ನೀರು ಏರಿದಾಗ ಊರಿನ ಸಾಮಾನ್ಯ ಜನರೇ ಪಾಳಿ ಹಚ್ಚಿ ಒಡ್ಡಿನ ಮೇಲೆ ನಡೆದು ನೋಡಿ ಬರಬೇಕು. ಒಬ್ಬೊಬ್ಬರಿಗೂ ಒಂದೊಂದು ತುಂಡು. ಚಳಿಗಾಲದ ಮೊದಲು ಅದರ ತಾಲೀಮು ನಡೆಯುತ್ತದೆ, ಇವತ್ತು ಯಾಪ್ ಅವರ ತಂಡದ ತಾಲೀಮು.

‘ನಿಮ್ಮ ದೇಶದಲ್ಲಿ ಅಳೆಯುವ ಯಂತ್ರ ಇಲ್ಲವೇ?’ ಎಂದೆ.

‘ಬೇಕಾದಷ್ಟಿವೆ. ಯಂತ್ರ ತಾನು ನಿಂತ ಜಾಗದ್ದು ಹೇಳುತ್ತದೆ. ಹತ್ತು ಹೆಜ್ಜೆ ಆಚೆ ಹೆಗ್ಗಣ ತೋಡಿದ್ದು ಅದಕ್ಕೆ ಗೊತ್ತಿಲ್ಲ.’ ಕೋಲಿನಿಂದ ಹುಲ್ಲು ಸರಿಸಿ ಒಂದು ಬಿಲ ತೋರಿಸಿದರು.

ನೂರು ಹೆಜ್ಜೆಗೊಮ್ಮೆ ನಿಂತು ಒಂದು ಕಾಗದದಲ್ಲಿ ಬರೆಯುತ್ತಿದ್ದರು. ಒಂದು ಕಡೆ ಯಾರದೋ ಕೊಟ್ಟಿಗೆಯ ಬೇಲಿ ಅಡ್ಡ ಬಂತು, ಅದರಾಚೆಯ ತುಂಡು ಕಾಣಲಿಲ್ಲ. ಅಲ್ಲೂ ನಿಂತು ಏನೋ ಬರೆದರು. ಏನು ಬರೆದಿರಿ ಎಂದರೆ, ‘ನೋಡಿಲ್ಲ’ ಎಂದು ಬರೆದೆ ಎಂದರು. ಬರೆಯಲು ಏನೂ ಇಲ್ಲದಿದ್ದರೆ ಬಿಟ್ಟುಬಿಡಬಹುದಲ್ಲ ಎಂದೆ. ಯಾಪ್ ಕಾಗದ ಮಡಚಿ ಮುಂದೆ ನಡೆದರು. ನಾನೂ ಅಷ್ಟಕ್ಕೇ ಬಿಟ್ಟೆ, ಗಾಳಿ ಜೋರಾಗಿತ್ತು.

ಎರಡನೆಯ ದಿನ

ಬೆಳಿಗ್ಗೆ ಒಂಬತ್ತರ ಸುಮಾರಿಗೆ, ಸಭಾಂಗಣದ ಬಾಗಿಲಲ್ಲಿ ಇದ್ದಾಗ, ಸವಿತಾಳ ಫೋನು ಬಂತು. ಊರಲ್ಲಿ ಆಗ ಹನ್ನೆರಡೂವರೆ.

‘ಕಾಕಾ, ಯಮನೂರ ಬ್ರಿಜ್ಜಿನ ಮ್ಯಾಲ ಗಾಡಿ ಸಿಕ್ಕೊಂಡಿತ್ತ್ರಿ. ಉಳ್ಳಾಗಡ್ಡಿ ಕೀಳಾಕ ಹೊಂಟಿದ್ದ ಹೆಣ್ಣಮಕ್ಕಳು, ಎಂಟ್ ಮಂದಿ. ಹಗ್ಗ ಹಾಕಿ ಎಲ್ಲಾರ್ನೂ ತಗದಾರ್ರಿ. ಜೀವಕ್ಕೇನೂ ಆಗಿಲ್ಲ. ನಮ್ಮೂರ ಎಲ್ಲವ್ವ ಕಾಲ ಮುರಕೊಂಡಾಳ.’

‘ಹಸೀನಾಬಿ ನೋಡಿರಲಿಲ್ಲೇನು?’

‘ನೋಡಿದ್ಳ್ರಿ. ಏಳಕ್ಕ ನೋಡಿ ದಾಟಬಹುದು ಅಂದ್ಳು. ಒಂಬತ್ತಕ್ಕ ಅದು ಅಳಿಸಿ ಹೋತು. ಹನ್ನೊಂದೂವರಿಗೆ ಮತ್ತ ನೋಡಿ ನೀರ ಏರೇತಿ, ಬಂದ್ ಅಂದ್ಳು. ನಾ ಆಗಿಂದಾಗ ಹಾಕೇನಿ. ಆದ್ರ ಅದರ ಬೆನ್ನಿಗೇ ಬಂದ ಗಾಡಿಯಾವ ನಮ್ಮನ್ನ ಕೇಳೇ ಇಲ್ರಿ. ಆ ದೊಡ್ಡ ಕಂಪನೀದ್ರಾಗ ಕೇಳ್ಯಾನ. ಅದು ಮುಂಜಾನಿ ಏಳರದ್ದನ್ನ ಎತ್ತಿ ತೋರ್ಸೇತಿ. ‘ಸೇತುವೆ ದಾಟಬಹುದು, ನೋಡಿದವರು ಹಸೀನಾಬಿ’ ಅಂತ. ಹೊತ್ತು ಕಿತ್ತ ಒಗದಾರ, ಹೆಸರು ಇಟ್ಟಾರ.’

ಗಾಡಿಯವನು ಮಿಶ್ರಿಕೋಟಿಯ ಕಡೆಯವನು. ಆ ಕಡೆ ಗದ್ದೆ, ಕೆರೆ. ಬೆಣ್ಣಿಹಳ್ಳದ ಸ್ವಭಾವ ಅವನಿಗೇನು ಗೊತ್ತು? ಹಸೀನಾಬಿ ಈಚೆ ದಂಡೆಯಿಂದ ಸೆರಗು ಬೀಸಿ ಕೂಗಿಕೊಂಡಳಂತೆ, ನೀರಿನ ಸಪ್ಪಳದಲ್ಲಿ ಯಾರಿಗೂ ಕೇಳಿಸಲಿಲ್ಲ. ಮೇಲೆ ಬಂದ ಗಾಡಿಯವನು ಫೋನು ಹಿಡಿದು ಆಕೆಯ ಅಂಗಡಿಗೇ ನುಗ್ಗಿದನಂತೆ. ಕೂಡಿದ ಜನ ಅವನ ಪರ ನಿಂತರಂತೆ. ‘ನಿನ್ನ ಹೆಸರೇ ಐತಲ್ಲಬೇ ಇದ್ರಾಗ’ ಎಂದು ಒಬ್ಬ ಚಹಾದ ಲೋಟ ಎತ್ತಿ ಎಸೆದನಂತೆ.

ನಾನು ಸುಹಾಸನನ್ನು ಹುಡುಕಿ ಹಿಡಿದೆ. ಸಭಾಂಗಣದ ಹಿಂಭಾಗದಲ್ಲಿ ಅವನ ಕಂಪನಿ ಹಾಕಿದ್ದ ಮಳಿಗೆಯಲ್ಲಿ ಬಣ್ಣಬಣ್ಣದ ಕುರ್ಚಿಗಳ ನಡುವೆ ನಿಂತಿದ್ದ. ಎಲ್ಲವನ್ನೂ ಹೇಳಿದೆ. ಅವನ ಮುಖ ಬಾಡಿದ್ದು ನಿಜ. ಆದರೆ ಬಾಯಿ ಬೇರೆಯೇ ಹೇಳಿತು.

‘ನಿಮ್ಮ ಬೇಜಾರು ಅರ್ಥ ಆಗುತ್ತೆ ಸರ್. ಅದು ಆಟೋಮ್ಯಾಟಿಕ್ಕಾಗಿ ಆಗೋದು. ನಿಮ್ಮ ಪುಟ ಎಲ್ಲರಿಗೂ ತೆರೆದೇ ಇತ್ತಲ್ವಾ? ನಾನು ದೂರು ದಾಖಲಿಸ್ತೀನಿ. ಮೂರು ವರ್ಕಿಂಗ್ ಡೇಸಲ್ಲಿ ಸರಿ ಹೋಗುತ್ತೆ.’

‘ಮೂರು ದಿನದಾಗ ಹಳ್ಳಾನ ಇಳದು ಹೋಗತೈತಲ್ಲೋ ತಮ್ಮಾ!’

‘ಇದಕ್ಕೇ ಸರ್ ನಾನು ಹೇಳಿದ್ದು. ನಮ್ಮ ಜೊತೆ ಒಪ್ಪಂದ ಇದ್ದಿದ್ರೆ ಟೈಮ್ ಕೂಡ ಸರಿಯಾಗಿ ಬರ್ತಿತ್ತು.’

ಕೇಳದೆ ಒಯ್ಯುತ್ತಾರೆ, ಅರ್ಧ ಕಿತ್ತು ತೋರಿಸುತ್ತಾರೆ, ಅದರಿಂದ ಯಾರದೋ ಕಾಲು ಮುರಿದರೆ ಸಹಿ ಮಾಡಿದ್ದರೆ ಮುರಿಯುತ್ತಿರಲಿಲ್ಲ ಎನ್ನುತ್ತಾರೆ. ನಿನ್ನೆ ಕನ್ನಡ ಕೇಳಿ ಕರಗಿದ ನನ್ನ ಮೇಲೆ ನನಗೇ ಅಸಹ್ಯವಾಯಿತು. ಸಹಿ ಇಲ್ಲ, ಎಂದೂ ಇಲ್ಲ ಎಂದು ಅಲ್ಲೇ ಹೇಳಿದೆ.

ಹನ್ನೊಂದಕ್ಕೆ ನನ್ನ ಪಾಳಿ. ಸವಿತಾ ಬರೆದುಕೊಟ್ಟ ಭಾಷಣ ಮಡಚಿ ಕಿಸೆಗೆ ಹಾಕಿದೆ. ನಿಮ್ಮ ನಿಮ್ಮ ಫೋನು ತೆಗೆಯಿರಿ, ಯಮನೂರಿನ ಸೇತುವೆ ದಾಟಬಹುದೇ ಎಂದು ಕೇಳಿ ಎಂದೆ. ಸಭಾಂಗಣದ ತುಂಬ ಫೋನುಗಳು ಹೊತ್ತಿಕೊಂಡವು. ದಾಟಬಹುದು ಎಂದು ಮುಂದಿನ ಸಾಲಿನ ಹೆಂಗಸೊಬ್ಬಳು ಓದಿದಳು, ಹಸೀನಾಬಿಯ ಹೆಸರನ್ನೂ ತಡವರಿಸುತ್ತ ಓದಿದಳು. ಆಗ ಸವಿತಾ ಕಳಿಸಿದ್ದ ವಿಡಿಯೋ ಹಚ್ಚಿದೆ. ಕೆಂಪು ನೀರು, ವಾಲಿದ ಗಾಡಿ, ಹಗ್ಗ ಹಿಡಿದು ಅಳುವ ಹೆಂಗಸರು. ‘ಹಸೀನಾಬಿ ಸುಳ್ಳು ಹೇಳಿಲ್ಲ. ಆಕೆಯನ್ನು ಸುಳ್ಳಿ ಮಾಡಿದ್ದಾರೆ. ಹಿಂದೆ ಆ ಬಣ್ಣದ ಕುರ್ಚಿ ಹಾಕಿಕೊಂಡು ಕೂತವರು,’ ಎಂದು ನನ್ನ ಮುರುಕು ಇಂಗ್ಲಿಷಿನಲ್ಲಿ ಕಿರುಚಿದೆ.

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಸುಹಾಸ್ ಕೂಡ ತಟ್ಟಿದ! ನಾನು ಬೈದದ್ದು ಅವರಿಗೆ ಒಳ್ಳೆಯ ಭಾಷಣವಾಗಿತ್ತು. ಇಳಿದು ಬಂದ ಕೂಡಲೇ ನಾಲ್ಕಾರು ಜನ ವಿಸಿಟಿಂಗ್ ಕಾರ್ಡು ಕೊಟ್ಟರು, ಒಬ್ಬ ನನ್ನ ಜೊತೆ ಫೋಟೋ ತೆಗೆಸಿಕೊಂಡ. ಅಷ್ಟು ಚಪ್ಪಾಳೆ ನಾನು ಜನ್ಮದಲ್ಲಿ ಕೇಳಿರಲಿಲ್ಲ, ಅಷ್ಟು ಅವಮಾನವೂ ಎಂದೂ ಆಗಿರಲಿಲ್ಲ.

ಮತ್ತೆ ಯಾಪ್ ಅವರ ಮನೆ

ಮಧ್ಯಾಹ್ನವೇ ಹಳ್ಳಿಗೆ ಹೊರಟುಬಂದೆ. ಯಾಪ್ ಹಿತ್ತಲಲ್ಲಿ ಸೇಬು ಆರಿಸುತ್ತಿದ್ದರು. ನಡೆದದ್ದನ್ನೆಲ್ಲ ಹೇಳಿದೆ, ಅವರೂ ನನ್ನ ಜೊತೆ ಬೈಯುತ್ತಾರೆ ಎಂದುಕೊಂಡಿದ್ದೆ. ಬೈದರು ಕೂಡ, ಅವರ ಭಾಷೆಯಲ್ಲಿ, ಉದ್ದಕ್ಕೆ. ಆಮೇಲೆ ಕೇಳಿದರು.

‘ನಿನ್ನ ಪುಟದಲ್ಲಿ ಒಂಬತ್ತರಿಂದ ಹನ್ನೊಂದೂವರೆ ತನಕ ಏನು ಬರೆದಿತ್ತು?’

‘ಏನೂ ಇಲ್ಲ. ಅಳಿಸಿದ್ದೆವು.’

‘ಯಾರೂ ನೋಡಿಲ್ಲ ಎಂದು ಬರೆದಿರಲಿಲ್ಲವೇ?’

‘ಇಲ್ಲ.’

‘ಹಾಗಾದರೆ ನೀನೂ ತಪ್ಪು ಮಾಡಿದೆ,’ ಎಂದರು. ಸೇಬಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ನನಗೆ ಬಂದ ಸಿಟ್ಟಿಗೆ, ಬುಟ್ಟಿ ಅಲ್ಲೇ ಇದ್ದಿದ್ದರೆ ಒದೆಯುತ್ತಿದ್ದೆ. ಈ ಮುದುಕನಿಗೆ ಬೆಣ್ಣಿಹಳ್ಳ ಗೊತ್ತೇ, ಹಸೀನಾಬಿ ಗೊತ್ತೇ? ಅಂಗಳದಲ್ಲಿ ನಿಂತೇ ಸವಿತಾಳಿಗೆ ಫೋನು ಹಚ್ಚಿದೆ, ಈ ಅಜ್ಜ ಹೀಗಂದ ಎಂದು ದೂರು ಹೇಳಿದೆ.

‘ಅವ್ರು ಹೇಳೂದು ಖರೇ ಐತ್ರಿ ಕಾಕಾ,’ ಎಂದಳು ಸವಿತಾ. ‘ನಾವು ಹಳೇ ಪುಟಾ ಅಳಸತೇವಿ, ಹೊಸಾ ಉತ್ತರಾ ಹೊಸಾ ಪುಟದಾಗ ಹಾಕತೇವಿ. ಅವರ ಯಂತ್ರ ಬಂದು ನೋಡಿದ್ರ ಹಳೇ ಜಾಗಾ ಖಾಲಿ. ಹೊಸಾದು ಅದಕ್ಕ ಸಿಕ್ಕಿಲ್ಲ. ಸಿಕ್ಕಿದ್ದನ್ನ ಹಿಡಕೊಂಡ ಕುಂತೈತಿ. ಅದ ಪುಟದ ಮ್ಯಾಲ ‘ಈಗ ಯಾರೂ ನೋಡಿಲ್ಲ’ ಅಂತ ಬರದಿದ್ರ ಅದನ್ನರ ತೋರ್ಸತಿತ್ತು.’

‘ನೀ ಮೊದಲ ಹೇಳಿದ್ದಿ,’ ಎಂದೆ.

‘ಹೇಳಿದ್ನಿ ಬಿಡ್ರಿ.’

ಆಕೆ ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅವರ ಯಂತ್ರ ನಮ್ಮಲ್ಲಿಗೆ ಬರದ ಹಾಗೆ ಬಾಗಿಲು ಹಾಕಿಬಿಡು ಎಂದೆ. ಅದಕ್ಕೆ ಸವಿತಾ ಒಪ್ಪಲಿಲ್ಲ. ‘ನಾಳೆ ಇನ್ನೊಬ್ಬ ಗಾಡಿಯಾವ ಅವರನ್ನ ಕೇಳತಾನ್ರಿ, ನಮ್ಮನ್ನ ಅಲ್ಲ. ಅವಗ ನೀರಿನ ಸುದ್ದಿ ಯಾರ ಹೇಳಬೇಕು?’ ಎಂದಳು. ಅವತ್ತೇ ನಮ್ಮ ಪ್ರತಿ ಊರಿನ ಪುಟದಲ್ಲೂ ಖಾಲಿ ಜಾಗವಿದ್ದಲ್ಲೆಲ್ಲ ‘ಈಗ ಯಾರೂ ನೋಡಿಲ್ಲ’ ಎಂದು ಬರೆಸಿದಳು. ದೊಡ್ಡವರು ಎಂದೂ ಹೇಳದ ಮಾತು ಅದು. ಅವರ ಯಂತ್ರಕ್ಕೆ ಏನೇ ಕೇಳಿ, ಗೊತ್ತಿಲ್ಲ ಎನ್ನುವುದಿಲ್ಲ.

ಯಮನೂರು

ವಿಮಾನ ಇಳಿದು ಬಂದ ಮರುದಿನವೇ ಯಮನೂರಿಗೆ ಹೋದೆ. ಹಳ್ಳ ಇಳಿದಿತ್ತು, ಸೇತುವೆಯ ಮೇಲೆ ಕೆಸರು ಒಣಗಿ ಬಿರಿದಿತ್ತು. ಹಸೀನಾಬಿಯ ಒಲೆ ಉರಿಯುತ್ತಿತ್ತು, ಬೆಂಚಿನ ಮೇಲೆ ಗಿರಾಕಿ ಇರಲಿಲ್ಲ. ದರ್ಗಾಕ್ಕೆ ಬಂದವರು ಎದುರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದರು. ನನ್ನ ಕಣ್ಣೆದುರೇ ಒಬ್ಬ ಆಕೆಯ ಕಡೆ ತಿರುಗಿ, ‘ಹಳ್ಳ ಹೆಂಗೈತಬೇ, ಮುಳಗೂಣೇನು?’ ಎಂದು ನಕ್ಕು ಹೋದ.

‘ನಿನ್ನ ಹೆಸರು ಎಲ್ಲಾ ಕಡಿಂದ ತಗಸತೇನಿ ಹಸೀನಾಬಿ,’ ಎಂದೆ. ಇದಕ್ಕೆ ಆಕೆ ಸಮಾಧಾನ ಪಡುತ್ತಾಳೆ ಎಂದು ನನ್ನ ಲೆಕ್ಕ.

ಆಕೆ ಚಹಾದ ಪಾತ್ರೆಯನ್ನು ದಡ್ಡನೆ ಕೆಳಗಿಟ್ಟಳು. ‘ಯಾಕ್ರಿ ಅಣ್ಣಾರ? ಹೆಸರು ತಗದ್ರ ನಾನ ತಪ್ಪು ಹೇಳೀನಿ ಅಂದಂಗ ಆತಲ್ರಿ. ನಾ ಕಾಲ ನೋವು ಇದ್ರೂ ಎದ್ದು ಹೋಗಿ ನೋಡೇನಿ. ಏಳಕ್ಕ ನೀರ ಇರಲಿಲ್ಲ, ಇಲ್ಲಂದ್ನಿ. ಹನ್ನೊಂದೂವರಿಗೆ ಇತ್ತು, ಇತ್ತಂದ್ನಿ. ಅಲ್ಲಿ ಪರದೇಶದಾಗ ನನ್ನ ಹೆಸರು ಹೇಳಿ ಅವರ್ನ ಬೈದ್ರಿ ಅಂತ, ಹೌದೇನ್ರಿ?’

‘ಬೈದ್ನಿ. ಎಲ್ಲಾರ ಮುಂದ.’

‘ನಿಮ್ಮ ತಪ್ಪೂ ಹೇಳಿದ್ರೇನು?’

ಸವಿತಾ ಆಕೆಗೆ ಎಲ್ಲ ಹೇಳಿದ್ದಳು. ನಾನು ಇಲ್ಲ ಎಂದೆ.

‘ಹಂಗಾದ್ರ ನಡ್ರಿ ಶಲವಡಿಗೆ,’ ಎಂದು ಆಕೆ ಒಲೆ ಆರಿಸಿದಳು. ‘ಎಲ್ಲವ್ವಗ ನನ್ನ ಮುಂದ ಹೇಳ್ರಿ. ಆಕಿ ಒಬ್ಬಾಕಿ ನಂಬಿದ್ರ ಸಾಕು, ಊರು ನಂಬತೈತಿ.’

ಶಲವಡಿ

ಎಲ್ಲವ್ವ ಪಡಸಾಲೆಯಲ್ಲಿ ಹೊರಸಿನ ಮೇಲೆ ಕಾಲು ಚಾಚಿ ಕೂತಿದ್ದಳು, ಮೊಣಕಾಲಿನ ತನಕ ಬಿಳಿ ಪಟ್ಟಿ. ಅರವತ್ತು ದಾಟಿದ ಗಟ್ಟಿ ಹೆಂಗಸು. ಹಸೀನಾಬಿಯನ್ನು ನೋಡಿದ ಕೂಡಲೇ ಮುಖ ಆಚೆ ತಿರುಗಿಸಿದಳು.

‘ನಾ ಗಾಡಿಯಾವಗ ಹೇಳಿದ್ನಿ,’ ಎಂದಳು ಗೋಡೆಯ ಕಡೆ ನೋಡುತ್ತಲೇ. ‘ಹಳ್ಳದ ಬಣ್ಣ ಬ್ಯಾರೆ ಐತಿ, ಬ್ಯಾಡೋ ಅಂತ. ಅವ ಫೋನ್ ತೋರ್ಸಿ ಹಸೀನಾಬಿ ನೋಡ್ಯಾಳ ಅಂದ. ಹಸೀನಾಬಿ ಹೇಳ್ಯಾಳಂದ್ರ ನನ್ನ ಕಣ್ಣ ಸುಳ್ಳಿರಬೇಕು ಅಂತ ಸುಮ್ಮನಾದ್ನಿ.’

ನಾನು ಹೊರಸಿನ ಎದುರು ನೆಲದ ಮೇಲೆ ಕೂತೆ, ಮೊದಲಿಂದ ಕೊನೆಯವರೆಗೂ ಹೇಳಿದೆ. ಏಳು ಗಂಟೆಯದ್ದು, ಒಂಬತ್ತರದ್ದು, ಹನ್ನೊಂದೂವರೆಯದ್ದು. ಹಸೀನಾಬಿ ಎರಡು ಸಲವೂ ಖರೇ ಹೇಳಿದ್ದಾಳೆ, ನಡುವಿನ ಹೊತ್ತನ್ನು ಖಾಲಿ ಬಿಟ್ಟವನು ನಾನು, ಸವಿತಾ ಬೇಡವೆಂದರೂ ಕೇಳದವನು ನಾನು ಎಂದೆ. ಆ ಖಾಲಿಯಲ್ಲಿ ದೊಡ್ಡ ಕಂಪನಿ ಹಳೆಯದನ್ನು ತಂದು ತುಂಬಿತು ಎಂದೂ ಹೇಳಿದೆ.

ಎಲ್ಲವ್ವ ಬೈಯಲು ಶುರು ಮಾಡಿದಳು. ಏನು ಬೈದಳು ಎಂದು ಇಲ್ಲಿ ಬರೆಯಲು ಬರುವುದಿಲ್ಲ. ನನ್ನನ್ನು, ನನ್ನ ಕೇಬಲ್ಲನ್ನು, ನನ್ನ ವಿಮಾನವನ್ನು, ಕಾಲು ಮುರಿದು ಹೋದ ಈ ಸುಗ್ಗಿಯನ್ನು, ಎಲ್ಲವನ್ನೂ ಸೇರಿಸಿ ಬೈದಳು. ಸೊಸೆ ಹೊರಗೆ ಬಂದು ‘ಸಾಕ ಬಿಡ್ರಿ ಅತ್ತಿ’ ಎಂದರೂ ನಿಲ್ಲಿಸಲಿಲ್ಲ. ನಾನು ತಲೆ ಎತ್ತಲಿಲ್ಲ. ರಾಟರ್‌ಡ್ಯಾಮಿನ ಚಪ್ಪಾಳೆಗಿಂತ ಅದನ್ನು ಕೇಳುತ್ತ ಕೂರುವುದು ಸುಲಭವಾಗಿತ್ತು.

ಬೈದು ದಣಿದ ಮೇಲೆ ನೀರು ಕುಡಿದಳು. ಹಸೀನಾಬಿಯ ಕೈ ಹಿಡಿದು ಹೊರಸಿನ ಮೇಲೆ ತನ್ನ ಬಾಜು ಕೂರಿಸಿಕೊಂಡಳು. ‘ನಿನ್ನ ಮಾತು ನಿನಗ ಬಂತು ಬಿಡವಾ. ನಾ ಹೇಳತೇನಿ ಮಂದಿಗೆ,’ ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು.

‘ನೀ ತಪ್ಪು ಮಾಡಿದಿ, ಬಂದು ಕುಂತಿ, ಬೈಸಿಕೊಂಡಿ. ಆತು. ಇನ್ನೊಬ್ರು ಅದಾರಲ್ಲ, ಹಳೇದನ್ನ ತಂದು ತೋರ್ಸಿದಾವ್ರು? ನೀ ಅಲ್ಲಿ ತನಕ ಹೋಗಿ ಬಂದಿ ಅಂತಲ್ಲೋ ತಮ್ಮಾ. ಅವರ ಮನಿ ಎಲ್ಲೈತಿ ಹೇಳು. ಈ ಪಟ್ಟಿ ಬಿಚ್ಚಲಿ, ಅಲ್ಲಿಗೂ ಹೋಗೂಣು.’

ಆಕೆ ಚೇಷ್ಟೆ ಮಾಡುತ್ತಿರಲಿಲ್ಲ. ಹಸೀನಾಬಿಯೂ ನನ್ನ ಮುಖ ನೋಡಿದಳು. ಸಮುದ್ರ ದಾಟಿ ಹೋಗಿ, ಅವರ ಬಾಜು ಕೂತು ಕಾಫಿ ಕುಡಿದು ಬಂದವನು ನಾನು. ಆದರೂ ಆ ಮನೆ ಎಲ್ಲಿದೆ, ಯಾವ ಬಾಗಿಲು ಬಡಿಯಬೇಕು, ಬಡಿದರೆ ಯಾರು ಹೊರಗೆ ಬರುತ್ತಾರೆ ಎಂದು ಎಲ್ಲವ್ವನಿಗೆ ಹೇಳಲು ನನಗೆ ಗೊತ್ತಿರಲಿಲ್ಲ.